ನೀಲಿ, ಕಿತ್ತಳೆ, ಹಸಿರು, ಕಂದು

ಸುತ್ತಲಿನ ನಾಲ್ಕು ಬೀದಿಗಳಿಗೆ ಅವಳು ಕೇಬಲಕ್ಕ. ಮೇಲಿನ ಕೋಣೆಗೆ ಇಂಟರ್ನೆಟ್ ಹತ್ತುತ್ತಿಲ್ಲ, ಗೋಡೆ ದಪ್ಪ, ಗಾಳಿಯಲ್ಲಿ ಬರುವುದನ್ನು ನಂಬಿ ಕೂತರೆ ಕೆಲಸ ಕೆಟ್ಟಿತು ಎಂದು ಯಾರಿಗಾದರೂ ಅನ್ನಿಸಿದರೆ ಅವಳ ಮನೆಯ ಬಾಗಿಲು ತಟ್ಟುತ್ತಾರೆ. ಅವಳು ಮೊದಲು ಮನೆ ನೋಡುತ್ತಾಳೆ, ಆಮೇಲೆ ಮಾತು. ಬೆರಳಿನ ಗೆಣ್ಣಿನಿಂದ ಗೋಡೆಗೆ ತಟ್ಟಿ, ಒಳಗೆ ಇಟ್ಟಿಗೆಯೋ ಟೊಳ್ಳೋ ಎಂದು ಕೇಳಿಸಿಕೊಳ್ಳುತ್ತಾಳೆ. ಕರೆಂಟಿನ ವೈರು ಎಲ್ಲಿ ಹೋಗಿದೆ ಎಂದು ವಿಚಾರಿಸಿ ಅದರಿಂದ ಒಂದು ಗೇಣು ದೂರದಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆಯುತ್ತಾಳೆ. ಮೂಲೆ ತಿರುಗುವಲ್ಲಿ ಕೇಬಲ್ಲನ್ನು ಮುರಿದು ಮಡಿಸುವುದಿಲ್ಲ. ಲೋಟದ ಬಾಯಿಯಷ್ಟು ಅಗಲಕ್ಕೆ ಬಳುಕಿಸಿ ಬಿಡುತ್ತಾಳೆ.

ಮದುವೆಗೆ ಮೊದಲು ಅವಳು ಹೊಲಿಗೆ ಅಂಗಡಿಯೊಂದರಲ್ಲಿ ಕಾಜಾ ಹೊಲಿಯುತ್ತಿದ್ದಳು. ದಿನಕ್ಕೆ ನೂರಾರು ಗುಂಡಿತೂತು. ಒಂದು ನೂಲು ಆಚೀಚೆಯಾದರೂ ಅಂಗಡಿಯ ಯಜಮಾನಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಆ ಕಣ್ಣು, ಆ ಬೆರಳು ಅವಳಿಗೆ ಅಲ್ಲಿಂದ ಬಂದದ್ದು. ಉಳಿದದ್ದೆಲ್ಲ ಮಾವನಿಂದ.

ಮಾವ ಮೂವತ್ತೊಂದು ವರ್ಷ ಟೆಲಿಫೋನಿನ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿದ್ದರು, ಗುಂಡಿ ಇಳಿದಿದ್ದರು, ಸಾವಿರ ಜೋಡಿ ತಂತಿಗಳ ನಡುವೆ ಕೆಟ್ಟ ಒಂದು ಜೋಡಿಯನ್ನು ಕಿವಿಯಿಂದಲೇ ಹುಡುಕಿದ್ದರು. ಮನೆಗಳಿಂದ ಟೆಲಿಫೋನು ಒಂದೊಂದಾಗಿ ಎದ್ದುಹೋದ ಮೇಲೆ, ಸುಮ್ಮನೆ ಕೂರಲಾರದೆ ಈ ಕೆಲಸ ಹಿಡಿದಿದ್ದರು. ಮೊದಮೊದಲು ಅವಳದು ಬರೀ ಏಣಿ ಹಿಡಿಯುವ ಕೆಲಸ.

ಹೀಗಿರುವಾಗ ಮಾವನ ಬಲಗೈಗೆ ನಡುಕ ಬಂತು. ಇಂಟರ್ನೆಟ್ ಕೇಬಲ್ಲಿನೊಳಗೆ ಎಂಟು ಎಳೆ. ಎರಡೆರಡು ಎಳೆ ಒಂದನ್ನೊಂದು ಸುತ್ತಿಕೊಂಡು ನಾಲ್ಕು ಜೋಡಿ. ನಾಲ್ಕು ಬಣ್ಣ, ಪ್ರತಿ ಬಣ್ಣದ ಜೊತೆಗೆ ಅದೇ ಬಣ್ಣದ ಗೆರೆಯಿರುವ ಒಂದು ಬಿಳಿ ಎಳೆ. ಈ ಎಂಟನ್ನೂ ಬಿಡಿಸಿ, ನೇರ ಮಾಡಿ, ಸಮ ಕತ್ತರಿಸಿ, ಹೆಬ್ಬೆರಳಿನ ಉಗುರಿನಷ್ಟಿರುವ ಗಾಜಿನಂಥ ಪ್ಲಗ್ಗಿನೊಳಗೆ ಸಾಲಾಗಿ ತೂರಿಸಿ ಇಕ್ಕಳದಿಂದ ಒತ್ತಬೇಕು. ಒಬ್ಬ ವಕೀಲರ ಮನೆಯಲ್ಲಿ ಒಂದೇ ಒಂದು ಪ್ಲಗ್ಗಿಗೆ ಮಾವ ಹನ್ನೊಂದು ಸಲ ಪ್ರಯತ್ನಿಸಿದರು. ವಕೀಲರು ಕಾಣದವರಂತೆ ಕಿಟಕಿಯಾಚೆ ನೋಡುತ್ತ ನಿಂತಿದ್ದರು. ಹನ್ನೆರಡನೆಯ ಸಲಕ್ಕೆ ಅವಳು ಏಣಿ ಬಿಟ್ಟು ಬಂದು ಇಕ್ಕಳ ತೆಗೆದುಕೊಂಡಳು. ಅಂದಿನಿಂದ ಕೈ ಅವಳದಾಯಿತು. ಮಾತು ಅವರದಾಗಿಯೇ ಉಳಿಯಿತು.

ಆ ಮಾತು ಬಣ್ಣಗಳ ಕ್ರಮ. ನೀಲಿ, ಕಿತ್ತಳೆ, ಹಸಿರು, ಕಂದು. ಟೆಲಿಫೋನಿನ ಕಾಲದಿಂದ ಮಾವನಿಗೆ ಅದು ಮಗ್ಗಿಯಂತೆ ಬಾಯಿಪಾಠ. ಪ್ರತಿ ಬಣ್ಣ ತನ್ನ ಬಿಳಿಯ ಪಕ್ಕದಲ್ಲೇ ಇರಬೇಕು.

"ಗಂಡ ಹೆಂಡತಿ ಪಕ್ಕಪಕ್ಕ ಕೂರಬೇಕಮ್ಮ," ಎನ್ನುತ್ತಿದ್ದರು. "ಮಧ್ಯದಲ್ಲಿ ಇನ್ನೊಂದು ಸಂಸಾರ ತಂದು ಕೂರಿಸಿದ್ರೆ ಮನೆ ಉಳಿಯುತ್ತಾ?"

ಗೋಡೆಗೆ ಕೂರಿಸುವ ಡಬ್ಬಿಗಳ ಒಳಗೆ ಯಾವ ಬಣ್ಣ ಎಲ್ಲಿ ಎಂದು ಅಚ್ಚು ಹಾಕಿರುತ್ತದೆ. ಮಾವ ಆ ಡಬ್ಬಿಗಳನ್ನೇ ಬಳಸುತ್ತಿರಲಿಲ್ಲ. "ಜಾಯಿಂಟು ಕಡಿಮೆಯಾದಷ್ಟೂ ಜಗಳ ಕಡಿಮೆ," ಎಂದು ಕೇಬಲ್ಲನ್ನು ನೇರವಾಗಿ ಯಂತ್ರದವರೆಗೆ ಒಯ್ಯುತ್ತಿದ್ದರು. ಪ್ಲಗ್ಗುಗಳ ಚೀಲದೊಳಗೆ ಬಣ್ಣದ ಚಿತ್ರವಿರುವ ಒಂದು ಚೀಟಿ ಬರುತ್ತಿತ್ತು. ಮೊದಲ ಚೀಲ ತಂದ ದಿನ ಅವಳು ಅದನ್ನು ಬಿಡಿಸಲು ಹೋದಾಗ ಮಾವ ಕೈಯಿಂದ ತೆಗೆದುಕೊಂಡರು. "ಇದು ಗೊತ್ತಿಲ್ಲದವರಿಗೆ," ಎಂದು ಎಂಟು ಮಡಿಕೆ ಮಾಡಿ, ಅಡುಗೆಮನೆಯ ಮೇಜಿನ ಗಿಡ್ಡ ಕಾಲಿನಡಿಗೆ ತುರುಕಿದರು. ಎಷ್ಟೋ ವರ್ಷದಿಂದ ಅಲ್ಲಾಡುತ್ತಿದ್ದ ಮೇಜು ಅಂದು ನೆಟ್ಟಗೆ ನಿಂತಿತು. ಆಮೇಲಿನ ಚೀಟಿಗಳು ಕಸದ ಬುಟ್ಟಿಗೆ ಹೋದವು.

ಹೀಗೆ ಆರು ವರ್ಷ, ನಲವತ್ತಮೂರು ಮನೆ. ಪ್ರತಿ ಮನೆಯಲ್ಲೂ ಕೊನೆಗೆ ಟೆಸ್ಟರ್ ಹಾಕುವುದು ಮಾವನ ಕೆಲಸ. ಕೇಬಲ್ಲಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಕುರ್ಚಿಯ ಮೇಲೆ ಮಾವ. ಪುಟ್ಟ ಹಸಿರು ದೀಪಗಳು ಒಂದರ ಹಿಂದೊಂದು ಹತ್ತುತ್ತಿದ್ದವು. ಮಾವ ಪಕ್ಕದ ಕೋಣೆಯಿಂದ ಒಂದು, ಎರಡು ಎಂದು ಕೂಗುತ್ತಿದ್ದರು. ಎಂಟು ಎನ್ನುವಾಗ ಅವರ ದನಿ ಸ್ವಲ್ಪ ಏರುತ್ತಿತ್ತು. ಅವರಿಗೆ ಉಳಿದಿದ್ದ ಕೆಲಸ ಅಷ್ಟೇ. ಅದನ್ನು ಅವರು ಇಡೀ ಕೆಲಸವೆಂಬಂತೆ ಮಾಡುತ್ತಿದ್ದರು.

ನಲವತ್ತನಾಲ್ಕನೆಯದು ಪಿಟೀಲು ಟೀಚರ ಮನೆ.

ರೌಟರು ಮುಂದಿನ ಕೋಣೆಯಲ್ಲಿ, ಆನ್‌ಲೈನ್ ಪಾಠದ ಕೋಣೆ ಹಿತ್ತಲಿನ ಕಾರು ಶೆಡ್ಡಿನ ಮೇಲೆ. ಅಳೆದರೆ ಐವತ್ತೆರಡು ಮೀಟರ್. ಅಷ್ಟು ಉದ್ದ ಅವಳು ಯಾವತ್ತೂ ಎಳೆದಿರಲಿಲ್ಲ. ಹಿಂದಿನ ಮನೆಗಳೆಲ್ಲ ಹೆಚ್ಚೆಂದರೆ ಹದಿನೈದು, ಇಪ್ಪತ್ತು. ಹಾಗಾಗಿ ಕೇಬಲ್ ಆರಿಸುವಾಗಲೇ ಎಚ್ಚರ ವಹಿಸಿದ್ದಳು. ಅಗ್ಗದ ಕೇಬಲ್ಲಿನೊಳಗೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಹೊರಗಿನಿಂದ ಕೆಂಪು, ಬ್ಲೇಡಿನಿಂದ ಕೆರೆದರೆ ಬಿಳಿ. ನಾಲ್ಕು ಸಲ ಬಗ್ಗಿಸಿದರೆ ತುಂಡು. ಅವಳು ತಂದದ್ದು ಒಳಗೂ ಹೊರಗೂ ತಾಮ್ರ. ಎಳೆ ಒಂದೊಂದೂ ಒಂಟಿ ತಂತಿ, ಗೋಡೆಯೊಳಗೆ ಮಲಗಿಸಲು ಅದೇ ಸರಿ. ಅಂಗಡಿಯಲ್ಲಿ ಎರಡು ಸುರುಳಿಗಳನ್ನು ಕೈಯಲ್ಲಿ ತೂಗಿ ನೋಡಿ ಭಾರದ್ದನ್ನೇ ತೆಗೆದುಕೊಂಡಿದ್ದಳು.

ಎರಡು ದಿನದ ಕೆಲಸ. ಎಂಟು ದೀಪವೂ ಹತ್ತಿದವು, ಮಾವ ಎಂಟರವರೆಗೆ ಕೂಗಿದರು. ಮೂರನೆಯ ದಿನ ಟೀಚರ ಫೋನು ಬಂತು.

"ಕೇಬಲಕ್ಕಾ, ಮೊದಲು ಗಾಳಿಯಲ್ಲಿ ಬರ್ತಿದ್ದದ್ದೇ ವಾಸಿ ಇತ್ತು ಕಣ್ರೀ. ಆ ಕಡೆ ಹುಡುಗಿ ಪಿಟೀಲು ಬಾರಿಸಿದ್ರೆ ಈ ಕಡೆ ಬಾಗಿಲು ಕಿರ್ ಅಂದ ಹಾಗೆ ಕೇಳ್ತಿದೆ."

"ಎಂಟು ಲೈಟೂ ಹತ್ತಿತ್ತಲ್ಲ ಟೀಚರ್."

"ಲೈಟು ಹತ್ತಿದ್ರೆ ನಾನೇನು ಮಾಡ್ಲಿ? ಲೈಟಿಗೆ ಪಾಠ ಹೇಳಿಕೊಡ್ಲಾ?"

ಅವಳು ಹೋಗಿ ಎರಡೂ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದಳು. ಅದೇ ಕಿರ್. ಮತ್ತೊಮ್ಮೆ ಹಾಕಿದಳು. ಮತ್ತೆ ಅದೇ. ಉಳಿದಿದ್ದ ತುಂಡು ಕೇಬಲ್ಲನ್ನು ಹೆಗಲಿಗೆ ಹಾಕಿಕೊಂಡು ನೇರ ಅಂಗಡಿಗೆ ನಡೆದಳು.

"ಇದು ತಾಮ್ರವೇ ಅಲ್ಲ ಅನ್ಸುತ್ತೆ," ಎಂದಳು.

ಅಂಗಡಿಯವನು ಅವಳ ಮುಖ ನೋಡಿದ, ಕೇಬಲ್ ನೋಡಿದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಬ್ಲೇಡು ತೆಗೆದ. "ಕೆರೀತೀನಿ ನೋಡಿ ಅಕ್ಕಾ. ಬೆಳ್ಳಗೆ ಏನಾದ್ರೂ ಬಂದ್ರೆ ಮೀಸೆ ಬೋಳಿಸ್ಕೊಳ್ತೀನಿ."

"ನಿಮಗೆ ಮೀಸೆ ಎಲ್ಲಿದೆ?"

"ಅದಕ್ಕೇ ಧೈರ್ಯವಾಗಿ ಹೇಳ್ತಿರೋದು."

ಕೆರೆದ. ಕೆಂಪು. ಇನ್ನೂ ಕೆರೆದ. ಕೊನೆಯವರೆಗೂ ಕೆಂಪು. ಅವಳು ಕೇಬಲ್ ಸುತ್ತಿಕೊಂಡು ಹೊರಟಳು. ಹಿಂದಿನಿಂದ ಅಂಗಡಿಯವನು, "ಕೈ ನೋಡ್ಕೊಳ್ಳಿ ಅಕ್ಕಾ, ಕೈ!" ಎಂದು ಕೂಗಿದ. ಆ ಮಾತು ಬೀದಿಯ ತಿರುವಿನವರೆಗೂ ಬೆನ್ನಿಗಂಟಿಕೊಂಡು ಬಂತು.

ಟೀಚರ ಮನೆಗೆ ಮರಳಿ, ಈ ಸಲ ನಿಧಾನವಾಗಿ ಹುಡುಕಿದಳು. ಟೀಚರ ಕಂಪ್ಯೂಟರನ್ನು ರೌಟರಿನ ಬಳಿಗೇ ತಂದು, ರೌಟರಿನ ಪೆಟ್ಟಿಗೆಯಲ್ಲಿ ಬಂದಿದ್ದ ಮೊಳದುದ್ದದ ಸಿದ್ಧ ಕೇಬಲ್ಲಿನಿಂದ ಜೋಡಿಸಿದಳು. ನೀರು ಹರಿದ ಹಾಗೆ ಬಂತು. ಅಂದರೆ ಕೆಟ್ಟಿರುವುದು ತನ್ನ ಕೇಬಲ್ಲೇ. ಕೇಬಲ್ಲಿನಲ್ಲಿ ತಾಮ್ರ ಚೆನ್ನಾಗಿದೆ. ಹಾಗಾದರೆ ಉಳಿಯುವುದು ತುದಿ ಮಾತ್ರ.

ಮೆಟ್ಟಿಲ ಮೇಲೆ ಕಿಟಕಿಯ ಬೆಳಕಿಗೆ ಕೂತು, ಒಂದು ಕೈಯಲ್ಲಿ ಕಾರ್ಖಾನೆಯ ಪ್ಲಗ್, ಇನ್ನೊಂದರಲ್ಲಿ ತಾನು ಕತ್ತರಿಸಿ ತೆಗೆದ ಪ್ಲಗ್ ಹಿಡಿದು ನೋಡಿದಳು. ಹಿಂದೆ ಎರಡು ಕಾಜಾ ಹೋಲಿಸುತ್ತಿದ್ದದ್ದೂ ಹೀಗೆಯೇ. ತನ್ನದರಲ್ಲಿ ನಾಲ್ಕು ಜೋಡಿಯೂ ಪಕ್ಕಪಕ್ಕ, ಅಚ್ಚುಕಟ್ಟು. ಕಾರ್ಖಾನೆಯದರಲ್ಲಿ ಮೊದಲು ಕಿತ್ತಳೆ ಜೋಡಿ. ಆಮೇಲೆ ಹಸಿರಿನ ಬಿಳಿ. ಆಮೇಲೆ ನೀಲಿಯ ಇಬ್ಬರು. ಅವರಾದ ಮೇಲೆ ಹಸಿರು. ಕೊನೆಗೆ ಕಂದು.

ಹಸಿರಿನ ಗಂಡ ಹೆಂಡತಿಯ ನಡುವೆ ನೀಲಿಯ ಸಂಸಾರ ಕೂತಿತ್ತು.

ಇದನ್ನು ಅವಳು ನಲವತ್ತಮೂರು ಮನೆಗಳಲ್ಲೂ ಕಂಡಿದ್ದಳು. ಕಂಡಿದ್ದಳು, ನೋಡಿರಲಿಲ್ಲ. ಒಮ್ಮೆ ಕೇಳಿದಾಗ ಮಾವ, "ಅದು ಮಿಷನ್ನು ಮಾಡೋದು. ಅದಕ್ಕೆ ಸಂಸಾರ ಅಂದ್ರೇನು ಗೊತ್ತು?" ಎಂದು ನಕ್ಕಿದ್ದರು.

ಎರಡೂ ತುದಿಗೆ ಮಿಷನ್ನಿನ ಕ್ರಮದಲ್ಲೇ ಹೊಸ ಪ್ಲಗ್ ಹಾಕಿದಳು. ಟೀಚರು ಶಿಷ್ಯೆಯನ್ನು ಕರೆದರು. ಶೆಡ್ಡಿನ ಮೇಲಿನ ಕೋಣೆಯಲ್ಲಿ ಎಲ್ಲೋ ದೂರದ ಹುಡುಗಿಯೊಬ್ಬಳ ಪಿಟೀಲು ಪಕ್ಕದಲ್ಲೇ ಬಾರಿಸಿದಂತೆ ಕೇಳಿತು. ಕಮಾನು ತಿರುಗಿಸುವಾಗಿನ ಉಸಿರೂ ಕೇಳಿತು.

"ಏನಾಗಿತ್ತು ಮೊದಲು?" ಟೀಚರು ಕೇಳಿದರು.

"ತಪ್ಪಾಗಿತ್ತು."

"ಯಾರದು?"

"ನಂದು," ಎಂದಳು.

ಒಂದನ್ನೊಂದು ಸುತ್ತಿಕೊಂಡ ಎರಡು ಎಳೆಗಳು ಹೊರಗಿನ ಗಲಾಟೆಯನ್ನು ಸಮನಾಗಿ ಹಂಚಿಕೊಂಡು ಅಳಿಸಿಬಿಡುತ್ತವೆ, ಸುತ್ತಿರುವುದೇ ಅದಕ್ಕೆ. ಆದರೆ ಯಂತ್ರವು ಮೂರನೆಯ ಮತ್ತು ಆರನೆಯ ಜಾಗದವರನ್ನು ಜೋಡಿಯೆಂದು ತಿಳಿದು ಮಾತಾಡುತ್ತದೆ. ಮಾವನ ಕ್ರಮದಲ್ಲಿ ಆ ಎರಡು ಜಾಗಗಳಿಗೆ ಕಿತ್ತಳೆಯ ಒಬ್ಬರು, ಹಸಿರಿನ ಒಬ್ಬರು ಬಂದು ಕೂರುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರ ಮನೆಗೆ ಸೋರುತ್ತಿತ್ತು. ಹತ್ತು ಮೀಟರಿನಲ್ಲಿ ಅದು ಪಿಸುಮಾತು, ಐವತ್ತರಲ್ಲಿ ಸಂತೆ. ತಂತಿ ತುಂಡಾಗಿಲ್ಲವೆಂದಷ್ಟೇ ದೀಪಕ್ಕೆ ಗೊತ್ತು. ಯಾರು ಯಾರ ಜೊತೆಗಿದ್ದಾರೆ ಎಂಬುದು ಗೊತ್ತಿಲ್ಲ.

ಇಷ್ಟನ್ನು ಅವಳು ಫೋನಿನಲ್ಲಿ ಓದಿ ತಿಳಿದುಕೊಂಡಳು. ಆದರೂ ಮನೆಗೆ ಬಂದವಳು ಮೊದಲು ಅಡುಗೆಮನೆಗೆ ಹೋಗಿ, ಮೇಜನ್ನು ಒಂದು ಕೈಯಲ್ಲಿ ಎತ್ತಿ, ಗಿಡ್ಡ ಕಾಲಿನಡಿಯಿಂದ ಚೀಟಿ ಎಳೆದಳು. ಉತ್ತರ ಆರು ವರ್ಷ ತನ್ನ ಮನೆಯಲ್ಲೇ ಬಿದ್ದಿತ್ತೇ ಎಂದು ಅವಳಿಗೆ ತಿಳಿಯಬೇಕಿತ್ತು. ಬಿದ್ದಿತ್ತು. ಮಡಿಕೆಗಳಲ್ಲಿ ಬಣ್ಣ ಹಾರಿತ್ತು, ಕಂದು ಎಳೆಯ ಮೇಲೆ ಮೇಜಿನ ಕಾಲಿನ ಕಪ್ಪು ಗುರುತು. ಕಿತ್ತಳೆ, ಹಸಿರಿನ ಬಿಳಿ, ನೀಲಿ ಜೋಡಿ, ಹಸಿರು, ಕಂದು.

ಪಕ್ಕದ ಕೋಣೆಯಲ್ಲಿ ಮಾವ ರೇಡಿಯೋ ಕೇಳುತ್ತಿದ್ದರು. ಅವಳು ಚೀಟಿಯನ್ನು ಸಲಕರಣೆಯ ಚೀಲಕ್ಕೆ ಹಾಕಿಕೊಂಡಳು. ಹೇಳುವುದು ಹೇಗೆ ಎಂದು ತಿಳಿಯಲಿಲ್ಲ. ಆ ಮನುಷ್ಯರ ಕೈಯನ್ನು ನಡುಕ ಕಸಿದುಕೊಂಡಿತ್ತು. ಉಳಿದದ್ದು ಆ ನಾಲ್ಕು ಬಣ್ಣ. ಅದನ್ನೂ ತಾನೇ ಹೋಗಿ ಕಸಿಯಬೇಕೇ?

ಹೇಳದೆ ಸುಮ್ಮನಿರಬಹುದಿತ್ತು. ನಲವತ್ತಮೂರು ಮನೆಗಳಲ್ಲಿ ಯಾರೂ ಜಗಳಕ್ಕೆ ಬಂದಿರಲಿಲ್ಲ. ಆದರೆ ಒಬ್ಬೊಬ್ಬರೂ ನೆನಪಾದರು. ನಕ್ಷೆ ಬರೆಯುವ ಹೆಂಗಸು, ನಿಧಾನ ಎಂದಾಗ ಇವಳ ಮಾತು ಕೇಳಿ ಹೊಸ ರೌಟರು ತಂದಿದ್ದಳು. ನಿವೃತ್ತ ಕಂಪೌಂಡರ್ ದಿನಾ ಸಂಜೆ ತಂಗಿಯೊಡನೆ ವಿಡಿಯೋದಲ್ಲಿ ಮಾತಾಡುತ್ತಿದ್ದ. ತಂಗಿಯ ಮುಖ ಆಗಾಗ ಕಲ್ಲಾಗುತ್ತಿತ್ತು. ಅವಳ ಕಡೆಯದೇ ಸರಿಯಿಲ್ಲವೆಂದು ಅವನು ತಂಗಿಯ ಮೇಲೆ ರೇಗುತ್ತಿದ್ದ. ಕಾಜಾ ಅಂಗಡಿಯ ಯಜಮಾನಿ ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ಬಿಚ್ಚಿ ಹಾಕು ಎಂದಳು.

ಮಾರನೆಯ ದಿನದಿಂದ ಅವಳು ಒಬ್ಬಳೇ ಹಳೆಯ ಮನೆಗಳಿಗೆ ಹೊರಟಳು. ಮೊದಲಿಗೆ ಕಂಪೌಂಡರನ ಮನೆ.

"ಹೊರಟೆಯೇನಮ್ಮಾ? ನಾನು ಬರಬೇಡ್ವಾ?" ಮಾವ ಕೇಳಿದರು.

"ಸಣ್ಣಪುಟ್ಟ ಕೆಲಸ ಮಾವ. ಟೆಸ್ಟರ್ ಬೇಕಾಗಲ್ಲ."

ಅದು ಸುಳ್ಳಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಹತ್ತು ದಿನಗಳಲ್ಲಿ ಹದಿನೇಳು ಮನೆ ಮುಗಿಯಿತು. ಕೆಲವರು ಬೈದರು, ಹೆಚ್ಚಿನವರು ಏನೂ ಅರ್ಥವಾಗದೆ ತಲೆಯಾಡಿಸಿದರು. ಕಂಪೌಂಡರ್ ಮಾತ್ರ, "ಹಾಗಾದ್ರೆ ತಂಗಿ ಹತ್ರ ನಾನು ಮಾತು ವಾಪಸ್ ತಗೋಬೇಕು," ಎಂದ. ಕತ್ತರಿಸಿದ ಪ್ಲಗ್ಗುಗಳನ್ನು ಅವಳು ಒಂದು ಹಳೆಯ ಡಬ್ಬಿಯಲ್ಲಿ ಹಾಕುತ್ತ ಬಂದಳು.

ಈ ಹತ್ತು ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ನಡೆದಿತ್ತು. ಅವಳ ಗಮನ ಅತ್ತ ಹರಿದಿರಲಿಲ್ಲ. ಅಡುಗೆಮನೆಯ ಮೇಜಿನಿಂದ ಮಾವ ಚಹಾದ ಬಟ್ಟಲು ಎತ್ತುವಾಗ ಬಸಿ ಕಟಕಟ ಎನ್ನುತ್ತಿತ್ತು. ಮೊದಲು ಅವರು ಅರ್ಧ ಬಟ್ಟಲು ಸಾಕು ಎಂದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದರು. ಆಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಊಟಕ್ಕೆ ಕೂತರು. ಬಸ್ ಓಡಿಸುವ ಮಗ, ಅಂದರೆ ಅವಳ ಗಂಡ, ಒಂದು ಸಂಜೆ, "ಅಪ್ಪ, ಡಾಕ್ಟರ ಹತ್ರ ಹೋಗೋಣ್ವಾ?" ಎಂದದ್ದಕ್ಕೆ, "ಡಾಕ್ಟರು ಏನು ಹೇಳ್ತಾರೆ? ವಯಸ್ಸಾಯ್ತು ಅಂತಾರೆ. ಅದು ನನಗೆ ಫೀಸಿಲ್ಲದೇ ಗೊತ್ತು," ಎಂದರು.

ಹತ್ತನೆಯ ದಿನ ಸಂಜೆ ಅವಳು ಮನೆಗೆ ಬಂದಾಗ ಮಾವ ಅಡುಗೆಮನೆಯ ಮೇಜಿನ ಬಳಿ ನಿಂತಿದ್ದರು. ಮೇಜಿನ ಮೇಲೆ ಟೆಸ್ಟರ್. ಅದರ ಎರಡು ಭಾಗಗಳನ್ನೂ ಚೊಕ್ಕಟವಾಗಿ ಒರೆಸಿ ಬಟ್ಟೆಯ ಚೀಲದಲ್ಲಿ ಇಟ್ಟಿದ್ದರು.

"ಇದನ್ನ ನಿನ್ನ ಹತ್ರಾನೇ ಇಟ್ಕೋಮ್ಮ," ಎಂದರು. "ಈ ವಾರ ತುಂಬಾ ಜಾಸ್ತಿ ಆಗಿದೆ. ಬಟ್ಟಲು ಮುಟ್ಟಿದ್ರೆ ಸಾಕು, ಕುಣಿಯುತ್ತೆ. ನಾಳೆ ಯಾರದೋ ಮನೇಲಿ ಟೆಸ್ಟರ್ ಬೀಳಿಸಿ ನಗೆಪಾಟಲಾಗೋದು ಬೇಡ."

ಅವಳು ಚೀಲ ಕೈಗೆತ್ತಿಕೊಳ್ಳಲು ಮೇಜಿಗೆ ಕೈಯೂರಿದಳು. ಮೇಜು ಕಟಕ್ ಎಂದು ಅವಳ ಕಡೆಗೆ ವಾಲಿತು. ಕೈ ಎತ್ತಿದಳು. ಕಟಕ್ ಎಂದು ಆ ಕಡೆಗೆ ಹೋಯಿತು.

ಅವಳು ಗಿಡ್ಡ ಕಾಲಿನತ್ತ ನೋಡಿದಳು.

ಮಾವ ಮಲಗಿದ ಮೇಲೆ ಒಂದು ರಟ್ಟಿನ ತುಂಡು ಮಡಿಸಿ ಆ ಕಾಲಿನಡಿಗೆ ಇಟ್ಟರೆ ಸಾಕಿತ್ತು. ಬೆಳಗ್ಗೆ ಬಟ್ಟಲು ನಿಲ್ಲುತ್ತಿತ್ತು, ಕೈ ಸುಧಾರಿಸಿತೆಂದು ಅವರು ಹಿಗ್ಗುತ್ತಿದ್ದರು, ಚೀಟಿಯ ಮಾತೇ ಬರುತ್ತಿರಲಿಲ್ಲ. ಅವಳಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಅವರು ಟೆಸ್ಟರನ್ನು ಒರೆಸಿಟ್ಟಿದ್ದ ರೀತಿ ಕಣ್ಣ ಮುಂದಿತ್ತು. ವೈರಿನ ಸುತ್ತುಗಳನ್ನು ಎಲ್ಲೂ ಗಂಟಾಗದಂತೆ ಸುತ್ತಿ, ನಡುಗುವ ಕೈಯಲ್ಲೇ ದಾರ ಕಟ್ಟಿದ್ದರು.

"ಕೈ ಅಲ್ಲ ಮಾವ," ಎಂದಳು. "ಮೇಜು."

"ಮೇಜಾ?"

"ಕಾಲಡಿ ಚೀಟಿ ಇತ್ತಲ್ಲ. ನಾನು ತೆಗೆದಿದ್ದೆ."

ಮಾವ ಬಗ್ಗಿ ನೋಡಿದರು. ಒಂದು ಬೆರಳಿನಿಂದ ಮೇಜನ್ನು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಮುಖದಲ್ಲಿ ನಗು ಬರಲು ಹೊರಟು ಅರ್ಧದಲ್ಲೇ ನಿಂತಿತು.

"ಚೀಟಿ ಯಾಕೆ ಬೇಕಾಯ್ತು ನಿನಗೆ?"

ಅವಳು ಚೀಲದಿಂದ ಚೀಟಿ ತೆಗೆದು ಬಿಡಿಸಿ ಇಟ್ಟಳು. ಪಕ್ಕದಲ್ಲಿ ಡಬ್ಬಿಯನ್ನೂ ಇಟ್ಟಳು. ಟೀಚರ ಮನೆಯ ಮಾತು, ಕೆಂಪು ತಾಮ್ರ, ಮೂರು ಮತ್ತು ಆರು, ಎಲ್ಲವನ್ನೂ ಹೇಳಿದಳು. ಮಾವ ಕನ್ನಡಕ ತಂದು ಕೂತರು. ಚೀಟಿಯ ಮೇಲೆ ಬೆರಳಿಟ್ಟು ಒಂದರಿಂದ ಎಂಟರವರೆಗೆ ಹೋದರು. ಡಬ್ಬಿಯಿಂದ ಒಂದು ಪ್ಲಗ್ ತೆಗೆದು ಬೆಳಕಿಗೆ ಹಿಡಿದರು. ಅದು ಬೆರಳುಗಳ ನಡುವೆ ನಡುಗಿತು. ಇನ್ನೊಂದು ತೆಗೆದರು. ಎಲ್ಲದರಲ್ಲೂ ನೀಲಿ, ಕಿತ್ತಳೆ, ಹಸಿರು, ಕಂದು. ಒಂದೂ ತಪ್ಪಿರಲಿಲ್ಲ.

"ಇದು ಗೊತ್ತಿಲ್ಲದವರಿಗೆ ಅಂತ ಹೇಳಿದ್ದೆ ಅಲ್ವಾ ನಾನು?"

"ಹೂಂ ಮಾವ."

"ಸರಿಯಾಗೇ ಹೇಳಿದ್ದೆ."

ಪಾತ್ರೆ ತೊಳೆಯುತ್ತಿದ್ದ ಮಗ ನಲ್ಲಿ ನಿಲ್ಲಿಸಿದ. ತಿರುಗಿ ನೋಡಲಿಲ್ಲ.

"ಎಷ್ಟಾಯ್ತು?" ಮಾವ ಕೇಳಿದರು.

"ಹದಿನೇಳು. ಇನ್ನು ಇಪ್ಪತ್ತಾರು."

"ಏನು ಹೇಳ್ತಿದ್ದೀಯ ಅವರಿಗೆಲ್ಲ?"

"ನನ್ನ ತಪ್ಪು ಅಂತ."

"ತಪ್ಪಿನ ಮೇಲೆ ಸುಳ್ಳು ಬೇರೆ," ಎಂದು ಮಾವ ಎದ್ದರು. ಪ್ಲಗ್ಗಿನ ಖಾಲಿ ಪೆಟ್ಟಿಗೆಯೊಂದನ್ನು ಹರಿದು, ಮಡಿಸಿ, ಮಗನ ಕೈಯಲ್ಲಿ ಮೇಜು ಎತ್ತಿಸಿ ಕಾಲಿನಡಿಗೆ ತಾವೇ ಇಟ್ಟರು. ರಟ್ಟು ದಪ್ಪವಾಯಿತು. ಮೇಜು ಈಗ ಇನ್ನೊಂದು ಕಡೆಗೆ ಅಲ್ಲಾಡುತ್ತದೆ. ಅದನ್ನು ಸರಿಮಾಡಲು ಯಾರಿಗೂ ಇನ್ನೂ ಪುರುಸೊತ್ತು ಸಿಕ್ಕಿಲ್ಲ.

ಬೆಳಗ್ಗೆ ಅವಳು ಚೀಲ ಹೆಗಲಿಗೇರಿಸುವಾಗ ಮಾವ ಬೂಟು ಹಾಕಿಕೊಂಡು ಬಾಗಿಲಲ್ಲಿದ್ದರು. ಕಂಕುಳಲ್ಲಿ ಟೆಸ್ಟರ್.

"ಮೊದಲು ವಕೀಲರ ಮನೆ," ಎಂದರು.

ವಕೀಲರು ಬಾಗಿಲು ತೆರೆದು ಇಬ್ಬರನ್ನೂ ನೋಡಿದರು. "ಏನು ವಿಶೇಷ? ಎಲ್ಲಾ ಚೆನ್ನಾಗೇ ಇದೆಯಲ್ಲ."

"ನಾನು ಹೇಳಿಕೊಟ್ಟ ಕ್ರಮ ತಪ್ಪಿತ್ತು ಸಾರ್," ಎಂದರು ಮಾವ. "ಸೊಸೆ ಸರಿಮಾಡ್ತಾಳೆ. ಒಂದು ಕುರ್ಚಿ ಕೊಡಿ, ಕೂತ್ಕೋತೀನಿ."

ಅವಳು ಕಂಪ್ಯೂಟರಿನಲ್ಲಿ ಈಗಿನ ವೇಗ ನೋಡಿಕೊಂಡು ಎರಡೂ ತುದಿ ಕತ್ತರಿಸಿದಳು. ಕಿತ್ತಳೆ ಜೋಡಿ, ಹಸಿರಿನ ಬಿಳಿ, ನೀಲಿಯ ಇಬ್ಬರು, ಹಸಿರು, ಕಂದು ಜೋಡಿ. ಒತ್ತಿದಳು. ದೀಪ ಎಲ್ಲವನ್ನೂ ಹೇಳುವುದಿಲ್ಲವೆಂದು ಈಗ ಇಬ್ಬರಿಗೂ ಗೊತ್ತಿತ್ತು. ಆದರೂ ತಂತಿ ತುಂಡಾಗಿಲ್ಲವೆಂದಾದರೂ ಹೇಳುತ್ತದೆ. ಅವಳು ಈ ತುದಿಯನ್ನು ಟೆಸ್ಟರಿನ ಒಂದು ಭಾಗಕ್ಕೆ ಸಿಕ್ಕಿಸಿ ಕಾದಳು.

"ಒಂದು," ಎಂದರು ಮಾವ ಪಕ್ಕದ ಕೋಣೆಯಿಂದ. "ಎರಡು. ಮೂರು."

ಎಂಟಕ್ಕೆ ಅವರ ದನಿ ಏರಲಿಲ್ಲ. "ಈಗ ನಿನ್ನ ಕಡೆಯದು ಹೇಳು," ಎಂದರು.

ಅವಳು ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ವೇಗದ ಅಂಕಿ ನಿಲ್ಲುವವರೆಗೆ ಕಾದು, ಗೋಡೆಯಾಚೆ ಕೇಳುವಂತೆ ಗಟ್ಟಿಯಾಗಿ ಓದಿದಳು.

"ಒಂಬೈನೂರ ಮೂವತ್ತೆಂಟು."

"ಮೊದಲು ಎಷ್ಟಿತ್ತು?"

"ತೊಂಬತ್ನಾಲ್ಕು."

ಕುರ್ಚಿ ಸರಿದ ಸದ್ದಾಯಿತು.

"ಸರಿ, ನಡಿ," ಎಂದರು ಮಾವ. "ಇನ್ನೂ ಇಪ್ಪತ್ತೈದು ಮನೆ ಇದೆ."